ಇತರರ ಒಪ್ಪಿಗೆಯನ್ನು ದಾನ ಮಾಡುವವರು

ಕೊಡದೇ ಇರುವುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ನೀತಿಶಾಸ್ತ್ರದ ಅತ್ಯಂತ ಸರಳವಾದ ನಿರ್ಣಯ. 'ಅದತ್ತಾದಾನ'ವೆಂಬ ಹಳೆಯ ಮಾತಿನ ಅರ್ಥವೂ ಇಷ್ಟೇ. ತೆಗೆದುಕೊಂಡವನು ಬೀಗವನ್ನು ಒಡೆದನೇ, ಕತ್ತಲೆಯಲ್ಲಿ ಬಂದನೇ ಎಂಬ ವಿಚಾರಣೆ ಆಮೇಲಿನದು. ಒಡೆಯನು ಅರಿತು, ಮನಸಾರೆ ಕೊಟ್ಟನೇ ಎಂಬುದೇ ಮೊದಲ ಪ್ರಶ್ನೆ. ಸಾಮಾಜಿಕ ಜಾಲತಾಣಗಳ ಉದ್ಯಮಕ್ಕೆ ಈ ಪ್ರಶ್ನೆಯನ್ನು ಕೇಳಬೇಕಾದ ಸ್ಥಳ ಅದರ ವಾರ್ಷಿಕ ಸಮ್ಮೇಳನ. ಏಕೆಂದರೆ, ಉದ್ಯಮವು ತನ್ನವರನ್ನು ಕರೆದು ಕೂರಿಸಿ, ತಾನು ಮಾಡಿದ್ದನ್ನೂ ಮಾಡಲಿರುವುದನ್ನೂ ಬಾಯಿಬಿಟ್ಟು ಹೇಳುವುದು ಅಲ್ಲಿಯೇ.

ಫೇಸ್‌ಬುಕ್ ಕಂಪನಿಯ 'ಎಫ್8' ಸಮ್ಮೇಳನವು ಮೊದಲು ನಡೆದದ್ದು 2007ರ ಮೇ ತಿಂಗಳಿನಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. ಅಲ್ಲಿಗೆ ಬರುತ್ತಿದ್ದವರು ತಂತ್ರಾಂಶ ರಚಿಸುವವರು, ವ್ಯಾಪಾರಸ್ಥರು, ಪತ್ರಕರ್ತರು. ಯಾರ ಹೆಸರು, ಹುಟ್ಟಿದ ದಿನ, ಸ್ನೇಹಸಂಬಂಧ, ಇಷ್ಟಾನಿಷ್ಟಗಳ ಮೇಲೆ ಇಡೀ ವ್ಯವಹಾರವು ನಿಂತಿದೆಯೋ ಆ ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಆಸನವಿರಲಿಲ್ಲ. ದನಗಳ ಜಾತ್ರೆಯಲ್ಲಿ ಮಾರುವವನೂ ಕೊಳ್ಳುವವನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ನಿಶ್ಚಯಿಸುತ್ತಾರೆ. ಎತ್ತನ್ನು ಯಾರೂ ಕೇಳುವುದಿಲ್ಲ.

ಆ ಮೊದಲ ಸಮ್ಮೇಳನದಲ್ಲಿ ಘೋಷಿತವಾದದ್ದು, ಹೊರಗಿನವರು ರಚಿಸಿದ ತಂತ್ರಾಂಶಗಳಿಗೂ ಜಾಲತಾಣದ ಬಾಗಿಲನ್ನು ತೆರೆಯುವ ಯೋಜನೆ. ಈ ಬಾಗಿಲಿನ ವೈಚಿತ್ರ್ಯವೇನೆಂದರೆ, ಒಬ್ಬನು ತಂತ್ರಾಂಶವೊಂದಕ್ಕೆ ಒಪ್ಪಿಗೆಯಿತ್ತರೆ ಅವನ ಸ್ನೇಹಿತರ ವಿವರಗಳೂ ಅದರೊಡನೆ ಹೋಗಬಹುದಾಗಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕನೊಬ್ಬನು ರೂಪಿಸಿದ ಪ್ರಶ್ನಾವಳಿಯೊಂದನ್ನು ಸುಮಾರು 2.7 ಲಕ್ಷ ಜನ ಅಳವಡಿಸಿಕೊಂಡರು. ಆ ಮೂಲಕ ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಸಲಹಾ ಸಂಸ್ಥೆಯ ಕೈಗೆ 8.7 ಕೋಟಿಯವರೆಗಿನ ಜನರ ವಿವರಗಳು ಸೇರಿರಬಹುದೆಂದು 2018ರ ಏಪ್ರಿಲ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಭಾರತದ ಲೆಕ್ಕವು ಇನ್ನೂ ಕಣ್ಣು ತೆರೆಸುವಂಥದು: ಪ್ರಶ್ನಾವಳಿಯನ್ನು ಅಳವಡಿಸಿಕೊಂಡವರು 335 ಮಂದಿ, ಬಾಧಿತರಾಗಿರಬಹುದಾದವರು 5,62,455 ಮಂದಿ. ಆ ಐದೂವರೆ ಲಕ್ಷ ಜನರಲ್ಲಿ ಯಾರು, ಯಾವಾಗ, ಯಾರಿಗೆ ಕೊಟ್ಟರು? ಅವರ ಪರವಾಗಿ ಅವರ ಗೆಳೆಯರು ಕೊಟ್ಟರು. ಆ ಗೆಳೆಯರಿಗೂ ತಾವು ಕೊಡುತ್ತಿದ್ದೇವೆಂಬ ಅರಿವಿರಲಿಲ್ಲ.

ಕಂಪನಿಯು ತಿದ್ದಿಕೊಂಡಿತಲ್ಲ ಎಂದು ವಾದಿಸುವವರುಂಟು. ತಿದ್ದಿಕೊಂಡ ರೀತಿಯನ್ನೂ ನೋಡೋಣವಾಗಲಿ. 2014ರ ಏಪ್ರಿಲ್ 30ರಂದು ಇದೇ ಸಮ್ಮೇಳನದಲ್ಲಿ ಸ್ನೇಹಿತರ ಮಾಹಿತಿಯ ಬಾಗಿಲನ್ನು ಮುಚ್ಚುವುದಾಗಿ ಸಾರಲಾಯಿತು. ಆದರೆ ಆಗಲೇ ಒಳಗಿದ್ದ ತಂತ್ರಾಂಶಗಳಿಗೆ ಒಂದು ವರ್ಷದ ಅವಧಿಯನ್ನು ನೀಡಲಾಯಿತು. ತಪ್ಪೆಂದು ಅರಿತ ಮೇಲೂ ಇನ್ನೊಂದು ವರ್ಷ ನಡೆಯಲಿ ಎಂಬ ಪಶ್ಚಾತ್ತಾಪವನ್ನು ಯಾವ ನೀತಿಯು ಒಪ್ಪೀತು?

ಹಗರಣವು ಬಯಲಾದ ಮೇಲೆ 2018ರ ಮೇ 1ರಂದು ಸ್ಯಾನ್ ಹೋಸೆ ನಗರದಲ್ಲಿ ಸಮ್ಮೇಳನವು ಮತ್ತೆ ನೆರೆಯಿತು. ಮುಖ್ಯಸ್ಥರಾದ ಮಾರ್ಕ್ ಜುಕರ್‌ಬರ್ಗ್ ಅವರು ಹೊಣೆಗಾರಿಕೆಯ ಮಾತನ್ನಾಡಿದರು. ಹೊರಗಿನ ತಾಣಗಳಿಂದ ಸಂಗ್ರಹಿಸಿದ ವಿವರಗಳನ್ನು ಬಳಕೆದಾರನೇ ಅಳಿಸಿಹಾಕುವ ಸಾಧನವೊಂದನ್ನು ಕೊಡುವುದಾಗಿ ಮಾತುಕೊಟ್ಟರು. ಬಂದವರಿಗೆಲ್ಲ ತಲೆಗೆ ಧರಿಸುವ ಹೊಸ ಯಂತ್ರವೊಂದು ಉಡುಗೊರೆಯಾಗಿ ದೊರೆಯಿತು. ಸಭೆಯು ಹರ್ಷೋದ್ಗಾರ ಮಾಡಿತು. ಮಾತುಕೊಟ್ಟ ಸಾಧನವು ಜಗತ್ತಿನ ಎಲ್ಲರಿಗೂ ತಲುಪಿದ್ದು 2020ರ ಜನವರಿಯಲ್ಲಿ. ಆಗಲೂ ಅದು ಆ ವಿವರಗಳನ್ನು ಬಳಕೆದಾರನ ಖಾತೆಯಿಂದ ಬೇರ್ಪಡಿಸುತ್ತಿತ್ತೇ ಹೊರತು ಅಳಿಸುತ್ತಿರಲಿಲ್ಲ.

2019ರ ಏಪ್ರಿಲ್ 30ರಂದು ಅದೇ ಮುಖ್ಯಸ್ಥರು ಭವಿಷ್ಯವು ಖಾಸಗಿತನದ್ದೆಂದು ವೇದಿಕೆಯ ಮೇಲೆ ಸಾರಿದರು. ಈ ವಿಷಯದಲ್ಲಿ ತಮ್ಮ ಕಂಪನಿಗೆ ಒಳ್ಳೆಯ ಹೆಸರಿಲ್ಲವೆಂದು ತಾವೇ ವಿನೋದವನ್ನೂ ಆಡಿದರು. ಮೂರು ತಿಂಗಳು ಕಳೆಯುವ ಮೊದಲೇ, ಖಾಸಗಿತನದ ಬಗ್ಗೆ 2012ರಲ್ಲಿ ನೀಡಿದ್ದ ಆದೇಶವನ್ನು ಮೀರಿದ ಕಾರಣಕ್ಕೆ, ಅಮೆರಿಕದ ಫೆಡರಲ್ ವ್ಯಾಪಾರ ಆಯೋಗವು 500 ಕೋಟಿ ಡಾಲರ್ ದಂಡವನ್ನು ವಿಧಿಸಿತು. ಮೊತ್ತ ದೊಡ್ಡದೇ. ಆದರೆ ಆ ವರ್ಷ ಕಂಪನಿಯ ಆದಾಯ 7,000 ಕೋಟಿ ಡಾಲರನ್ನು ಮೀರಿತ್ತು. ಅಂದರೆ ದಂಡವು ಒಂದು ತಿಂಗಳ ಗಳಿಕೆಗೂ ಕಡಿಮೆ. ಮತ್ತೆಮತ್ತೆ ಕ್ಷಮೆ ಬೇಡಿ, ದಂಡ ತೆತ್ತು, ದಾರಿಯನ್ನು ಮಾತ್ರ ಬದಲಿಸದಿದ್ದರೆ ಆ ಕ್ಷಮೆಯು ವ್ಯಾಪಾರದ ಖರ್ಚಿನ ಬಾಬ್ತಿಗೆ ಸೇರುತ್ತದೆ. 2021ರಲ್ಲಿ ಕಂಪನಿಯ ಹೆಸರು 'ಮೆಟಾ' ಎಂದಾಯಿತು. ಕಸುಬು ಹಿಂದಿನದೇ ಉಳಿಯಿತು. 2024ರಲ್ಲಿ ಬಂದ ಸುಮಾರು 16,450 ಕೋಟಿ ಡಾಲರ್ ಆದಾಯದಲ್ಲಿ 16,000 ಕೋಟಿಗೂ ಹೆಚ್ಚು ಜಾಹೀರಾತಿನದು.

ಸೇವೆಯು ಉಚಿತ, ಬಳಕೆದಾರನು ಷರತ್ತುಗಳಿಗೆ ಒಪ್ಪಿದ್ದಾನೆ, ಮತ್ತೇನು ತಕರಾರು ಎಂಬುದು ಉದ್ಯಮದ ಪರವಾದ ಪ್ರಬಲ ವಾದ. ಪುಟಗಟ್ಟಲೆ ಷರತ್ತುಗಳನ್ನು ಓದದೆ ಒತ್ತಿದ ಗುಂಡಿಯನ್ನು ಒಪ್ಪಿಗೆಯೆಂದು ವಾದಕ್ಕಾಗಿ ಅಂಗೀಕರಿಸೋಣವೆಂದರೂ, ಆ ಒಪ್ಪಿಗೆ ಒತ್ತಿದವನದು ಮಾತ್ರ. ಪಕ್ಕದ ಮನೆಯವನ ಗದ್ದೆಯನ್ನು ಗುತ್ತಿಗೆಗೆ ಕೊಡುವ ಹಕ್ಕು ಯಾರಿಗೂ ಇಲ್ಲ. ಕೊಟ್ಟರೆ ಪಡೆದವನೂ ದೋಷಿ, ಕೊಟ್ಟವನೂ ದೋಷಿ.

ಉದ್ಯಮದ ಹೊಸ ಒಲವು ಈ ದೋಷವನ್ನು ಇನ್ನೂ ವಿಸ್ತರಿಸಿದೆ. 2025ರ ಸೆಪ್ಟೆಂಬರ್‌ನಲ್ಲಿ ನಡೆದ ಮೆಟಾದ 'ಕನೆಕ್ಟ್' ಸಮ್ಮೇಳನದಲ್ಲಿ ಪ್ರಧಾನ ಆಕರ್ಷಣೆಯಾದದ್ದು ಕ್ಯಾಮರಾ ಮತ್ತು ಪುಟ್ಟ ಪರದೆಯನ್ನು ಒಳಗೊಂಡ ಕನ್ನಡಕ. ಚಿತ್ರ ತೆಗೆಯುವಾಗ ಸಣ್ಣ ದೀಪವೊಂದು ಬೆಳಗುತ್ತದೆಂಬುದೇ ಎದುರಿನವನಿಗಿರುವ ರಕ್ಷಣೆ. ಹಿಂದೆ ಸ್ನೇಹಿತನನ್ನು ಕೇಳಲಿಲ್ಲ. ಈಗ ದಾರಿಹೋಕನನ್ನೂ ಕೇಳಬೇಕಾಗಿಲ್ಲ. ಇದಾಗಿ ಎರಡು ವಾರಗಳಲ್ಲಿ ಇನ್ನೊಂದು ಪ್ರಕಟಣೆ ಹೊರಬಿತ್ತು: ಕಂಪನಿಯ ಕೃತಕ ಬುದ್ಧಿಮತ್ತೆಯೊಡನೆ ಜನರು ನಡೆಸುವ ಸಂಭಾಷಣೆಗಳನ್ನೂ ಡಿಸೆಂಬರ್ 16ರಿಂದ ಜಾಹೀರಾತಿನ ಆಯ್ಕೆಗೆ ಬಳಸಲಾಗುವುದು. ರೋಗಿಯೊಬ್ಬನು ತನ್ನ ಅಳಲನ್ನು ಯಂತ್ರದ ಮುಂದೆ ತೋಡಿಕೊಂಡರೆ ಆ ಮಾತಿನಲ್ಲಿ ಅವನ ಮಡದಿ, ಮಕ್ಕಳು, ನೆರೆಯವರು ಎಲ್ಲರೂ ಬರುತ್ತಾರೆ. ಅವರಲ್ಲಿ ಒಬ್ಬರೂ ಯಾವ ಗುಂಡಿಯನ್ನೂ ಒತ್ತಿದವರಲ್ಲ.

ಕಾನೂನು ಸುಮ್ಮನೆ ಕುಳಿತಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ದಾವೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು 2023ರಲ್ಲಿ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದರೆ ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಗೃಹಕೃತ್ಯಕ್ಕಾಗಿ ಬಳಸುವ ವಿವರಗಳಿಗೆ ಈ ಅಧಿನಿಯಮವು ಅನ್ವಯಿಸುವುದಿಲ್ಲ. ಕಾನೂನು ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಒಳಗೆ ಕಾಯಬೇಕಾದದ್ದು ವಿವೇಕ.

ಹೀಗಿರುವಾಗ ದೂರದ ಕಂಪನಿಯನ್ನು ಮಾತ್ರ ನಿಂದಿಸಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಹೊಸ ತಂತ್ರಾಂಶವೊಂದು ದೂರವಾಣಿಯ ವಿಳಾಸಪಟ್ಟಿಯನ್ನು ಕೇಳಿದಾಗ ಮರುಯೋಚನೆಯಿಲ್ಲದೆ ಒಪ್ಪುವ ಗೃಹಸ್ಥನು ನೂರಾರು ಬಂಧುಗಳ ಸಂಖ್ಯೆಗಳನ್ನು ಅವರನ್ನು ಕೇಳದೆಯೇ ಒಪ್ಪಿಸುತ್ತಾನೆ. ಉತ್ಸವದ ದಿನ ಪರರ ಮಕ್ಕಳ ಚಿತ್ರಗಳನ್ನು ತೆಗೆದು ಲೋಕಕ್ಕೆಲ್ಲ ಹಂಚುವವರು, ದಾನಿಗಳ ಹೆಸರು, ಮೊತ್ತ, ದೂರವಾಣಿ ಸಂಖ್ಯೆಗಳ ಯಾದಿಯನ್ನು ನೂರಾರು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವ ಕಾರ್ಯದರ್ಶಿಗಳು ಆ 335 ಮಂದಿಯ ಸಾಲಿನಲ್ಲಿಯೇ ನಿಂತಿದ್ದಾರೆ. ಅವರ ಉದ್ದೇಶ ಒಳ್ಳೆಯದಿರಬಹುದು. 335 ಮಂದಿಯ ಉದ್ದೇಶವೂ ಕೆಟ್ಟದಾಗಿರಲಿಲ್ಲ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳು ಮುಂದಿನ ಸಭೆಯಲ್ಲಿಯೇ ಒಂದು ನಿರ್ಣಯವನ್ನು ಬರೆದಿಡುವುದು ಯೋಗ್ಯ: ಸದಸ್ಯನ ವಿವರವನ್ನು ಅವನನ್ನು ಕೇಳದೆ, ಮಗುವಿನ ಚಿತ್ರವನ್ನು ತಾಯಿತಂದೆಯರನ್ನು ಕೇಳದೆ ಎಲ್ಲಿಯೂ ಹಾಕತಕ್ಕದ್ದಲ್ಲ, ಕಾರ್ಯ ಮುಗಿದ ಯಾದಿಯನ್ನು ಅಳಿಸತಕ್ಕದ್ದು. ಇದಕ್ಕೆ ಹಣ ಬೇಡ, ತಂತ್ರಜ್ಞಾನ ಬೇಡ. ಕೇಳುವ ಸೌಜನ್ಯ ಸಾಕು. ಆ ಸೌಜನ್ಯವನ್ನು ತನ್ನ ಅಂಗಳದಲ್ಲಿ ಪಾಲಿಸಿದ ಸಮಾಜಕ್ಕೆ ಮಾತ್ರ, ಸಮ್ಮೇಳನಗಳ ವೇದಿಕೆಯ ಮೇಲೆ ನಿಂತವರನ್ನು 'ನಿಮಗೆ ಇದನ್ನು ಕೊಟ್ಟವರು ಯಾರು?' ಎಂದು ಕೇಳುವ ಅಧಿಕಾರವಿರುತ್ತದೆ.