ದೋಣಿಯ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಮಗು

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯು ಹಿಗ್ಗಿ ಸರೋವರದಂತಾಗುವ ಒಂದು ತಾಣವಿದೆ. ಅದರ ಹೆಸರು ಪೆಪಿನ್. ಅದರ ದಡದ ಲೇಕ್ ಸಿಟಿ ಎಂಬ ಊರಿನಲ್ಲಿ, 1922ರ ಬೇಸಿಗೆಯಲ್ಲಿ, ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಯುವಕನಿಗೆ ಹಿಮದ ಮೇಲೆ ಜಾರುವಂತೆ ನೀರಿನ ಮೇಲೂ ಜಾರುವ ಆಸೆ ಹುಟ್ಟಿತು. ಪೀಪಾಯಿಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡನು, ಮುಳುಗಿದನು. ಹಿಮದ ಸ್ಕೀಗಳನ್ನೇ ಕಟ್ಟಿಕೊಂಡನು, ಮತ್ತೆ ಮುಳುಗಿದನು. ಕೊನೆಗೆ ಅಗಲವಾದ ಮರದ ಹಲಗೆಗಳ ತುದಿಯನ್ನು ಕುದಿನೀರಿನಲ್ಲಿ ಮೆದುಗೊಳಿಸಿ ಮೇಲಕ್ಕೆ ಬಾಗಿಸಿದನು. ಸೋದರನು ನಡೆಸುತ್ತಿದ್ದ ದೋಣಿಯ ಹಗ್ಗ ಹಿಡಿದು, ದೇಹವನ್ನು ಹಿಂದಕ್ಕೆ ವಾಲಿಸಿ, ಸ್ಕೀಯ ತುದಿಗಳನ್ನು ನೀರಿನಿಂದ ಮೇಲೆತ್ತಿದಾಗ ನೀರು ಅವನನ್ನು ಹೊತ್ತಿತು. ಅಂದು ಜುಲೈ 2. ಮರುದಿನ ಅವನಿಗೆ ಹತ್ತೊಂಬತ್ತು ತುಂಬಲಿತ್ತು.

ಈ ಕಥೆಯಲ್ಲಿ ಒಂದು ಪಾಠವಿದೆ. ನೀರಿನ ಮೇಲೆ ಓಡುವುದು ಕಷ್ಟವಲ್ಲ. ನೀರಿನಿಂದ ಏಳುವುದು ಕಷ್ಟ. ಸ್ಕೀ ಮಾಡುವವರನ್ನಾಗಲಿ, ಗಾಳಿ ತುಂಬಿದ ಟ್ಯೂಬಿನಲ್ಲಿ ಕುಳಿತ ಮಕ್ಕಳನ್ನಾಗಲಿ ಎಳೆಯುವ ದೋಣಿಗೆ ಪ್ರೊಪೆಲ್ಲರ್ ಆರಿಸುವವರು ಮೊದಲು ನೆನೆಯಬೇಕಾದುದು ಇದನ್ನೇ. ಆದರೆ ಹೆಚ್ಚಿನವರು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಬೇರೆ: ಯಾವುದನ್ನು ಹಾಕಿದರೆ ದೋಣಿ ಅತಿ ವೇಗವಾಗಿ ಓಡುತ್ತದೆ?

ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಯಂತ್ರವನ್ನು 1909ರಲ್ಲಿ ಮಾರುಕಟ್ಟೆಗೆ ತಂದು ಜನಪ್ರಿಯಗೊಳಿಸಿದವನು ನಾರ್ವೆ ಮೂಲದ ಓಲೆ ಎವಿನ್‌ರೂಡ್. ಅದರ ತುದಿಯಲ್ಲಿ ತಿರುಗುವ ಪ್ರೊಪೆಲ್ಲರಿನ ಮೇಲೆ ಎರಡು ಅಂಕಿಗಳು ಮುಖ್ಯ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಮರಕ್ಕೆ ತಿರುಪುಮೊಳೆಯನ್ನು ಒಂದು ಸುತ್ತು ತಿರುಗಿಸಿದರೆ ಅದು ಎಷ್ಟು ಒಳಗಿಳಿಯುತ್ತದೆ ಎಂಬುದನ್ನು ಶಾಲೆಯ ಮಕ್ಕಳೂ ಅಳೆಯಬಲ್ಲರು. ಪ್ರೊಪೆಲ್ಲರಿನ ಪಿಚ್ ಅಂಥದೇ ಅಳತೆ. 19 ಇಂಚು ಪಿಚ್ ಎಂದರೆ, ನೀರು ಮರದಂತೆ ಗಟ್ಟಿಯಾಗಿದ್ದಿದ್ದರೆ ಒಂದು ಸುತ್ತಿಗೆ ದೋಣಿ 19 ಇಂಚು ಮುಂದೆ ಹೋಗುತ್ತಿತ್ತು ಎಂದರ್ಥ. ನೀರು ಜಾರುವುದರಿಂದ ಅದರಲ್ಲಿ ಒಂದಂಶ ನಷ್ಟವಾಗುತ್ತದೆ.

ಲೆಕ್ಕ ಮಾಡಿ ನೋಡಬಹುದು. ಯಂತ್ರ ನಿಮಿಷಕ್ಕೆ 5,500 ಸುತ್ತು ತಿರುಗುತ್ತದೆ, ಗೇರ್ ಅದನ್ನು ಅರ್ಧಕ್ಕೆ ಇಳಿಸುತ್ತದೆ ಎಂದಿಟ್ಟುಕೊಳ್ಳೋಣ. ಪ್ರೊಪೆಲ್ಲರಿನ ಸುತ್ತು 2,750. ಪಿಚ್ 19 ಇಂಚು ಇದ್ದರೆ ಕಾಗದದ ಮೇಲಿನ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್. 17 ಇಂಚು ಇದ್ದರೆ ಸುಮಾರು 71. ಜಾರುವಿಕೆಯ ನಷ್ಟವನ್ನು ಎರಡರಿಂದಲೂ ಕಳೆಯಬೇಕು. ಅಂಕಿಗಳನ್ನಷ್ಟೇ ನೋಡಿದವರು 19 ಇಂಚಿನದನ್ನೇ ಕೊಳ್ಳುತ್ತಾರೆ.

ಆದರೆ ಈ ಆಟಕ್ಕೆ ಬೇಕಾದ ವೇಗವೆಷ್ಟು? ಎರಡು ಸ್ಕೀಗಳ ಮೇಲೆ ನಿಂತ ವಯಸ್ಕರಿಗೆ 40 ಕಿಲೋಮೀಟರಿನ ಆಸುಪಾಸು. ಒಂದೇ ಸ್ಕೀಯ ಸ್ಪರ್ಧೆಯಲ್ಲಿ ನುರಿತ ಪುರುಷರಿಗೂ 58ಕ್ಕಿಂತ ಹೆಚ್ಚಿಲ್ಲ. ಟ್ಯೂಬಿನಲ್ಲಿ ಕುಳಿತ ಮಕ್ಕಳಿಗೆ 25ರೊಳಗೇ ಸಾಕು. ಹಾಗಿರುವಾಗ ಹೆಚ್ಚಿನ ಪಿಚ್ ಕೊಡುವ ಆ ಒಂಬತ್ತು ಕಿಲೋಮೀಟರ್ ಯಾರಿಗೂ ಉಪಯೋಗವಿಲ್ಲದ ಸಂಪತ್ತು. ಅದಕ್ಕೆ ತೆರುವ ಬೆಲೆಯಾದರೋ ಮೊದಲ ಹತ್ತು ಕ್ಷಣಗಳಲ್ಲೇ ಗೊತ್ತಾಗುತ್ತದೆ. ಭಾರ ಹೊತ್ತು ಘಟ್ಟವೇರುವ ಬಸ್ಸನ್ನು ಮೇಲಿನ ಗೇರಿನಲ್ಲಿ ಹೊರಡಿಸಿದಂತೆ ಯಂತ್ರ ನರಳುತ್ತದೆ. ದೋಣಿಯ ಮೂತಿ ಆಕಾಶಕ್ಕೇರುತ್ತದೆ. ಚಾಲಕನಿಗೆ ಮುಂದಿನ ನೀರು ಕಾಣುವುದಿಲ್ಲ. ಹಗ್ಗ ಹಿಡಿದವನು ನೀರು ಕುಡಿಯುತ್ತ ಕೈಬಿಡುತ್ತಾನೆ.

ಸರಿಯಾದ ಆಯ್ಕೆಗೆ ಒಂದು ಪರೀಕ್ಷೆಯುಂಟು. ಪೂರ್ಣ ಥ್ರಾಟಲಿನಲ್ಲಿ ಯಂತ್ರ ಎಷ್ಟು ಸುತ್ತು ತಿರುಗಬೇಕೆಂಬ ಮಿತಿಯನ್ನು ತಯಾರಕರು ಕೈಪಿಡಿಯಲ್ಲಿ ಬರೆದಿರುತ್ತಾರೆ. 5,000ದಿಂದ 6,000 ಎಂಬುದು ಸಾಮಾನ್ಯ. ಆಟದ ದಿನ ಎಷ್ಟು ಜನ, ಎಷ್ಟು ಇಂಧನ, ಎಷ್ಟು ಸಾಮಾನು ಇರುತ್ತದೋ ಅಷ್ಟನ್ನೂ ಹೇರಿಕೊಂಡು, ಖಾಲಿ ನೀರಿನಲ್ಲಿ ಪೂರ್ಣ ವೇಗಕ್ಕೆ ಏರಿಸಿ ಸುತ್ತಿನ ಮಾಪಕವನ್ನು ನೋಡಬೇಕು. ಮುಳ್ಳು 4,800ರಲ್ಲೇ ನಿಂತರೆ ಪಿಚ್ ಹೆಚ್ಚಾಯಿತೆಂದೇ ಅರ್ಥ. ಪಿಚ್ಚಿನಲ್ಲಿ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಹೆಚ್ಚುತ್ತದೆ. ಎರಡು ಇಂಚು ಇಳಿಸಿದರೆ ಮುಳ್ಳು 5,100 ದಾಟುತ್ತದೆ, ಯಂತ್ರ ಉಸಿರಾಡುತ್ತದೆ. ಹಾಗೆಂದು ಇಳಿಸುತ್ತಲೇ ಹೋಗಬಾರದು. ಒಬ್ಬನೇ ಕುಳಿತು ಓಡಿಸುವಾಗ ಸುತ್ತು ಮೇಲಿನ ಮಿತಿಯನ್ನು ಮೀರಿದರೆ ಅದೂ ಯಂತ್ರಕ್ಕೆ ಹಾನಿಯೇ.

ರೆಕ್ಕೆಗಳ ಸಂಖ್ಯೆಯ ವಿಚಾರ ಸರಳ. ಮೂರು ರೆಕ್ಕೆಯದು ವೇಗಕ್ಕೆ ಒಳ್ಳೆಯದು. ನಾಲ್ಕು ರೆಕ್ಕೆಯದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಭಾರವನ್ನು ಬೇಗ ಎತ್ತುತ್ತದೆ, ನಿಧಾನದ ಓಟದಲ್ಲೂ ದೋಣಿಯನ್ನು ನೀರಿನ ಮೇಲೆ ನಿಲ್ಲಿಸುತ್ತದೆ. ಟ್ಯೂಬ್ ಎಳೆಯುವಾಗ ತಿರುವುಗಳು ಹೆಚ್ಚು. ತಿರುವಿನಲ್ಲಿ ಮೇಲಿನ ಗಾಳಿಯನ್ನು ಒಳಗೆಳೆದುಕೊಂಡ ಪ್ರೊಪೆಲ್ಲರ್ ನೀರಿನ ಹಿಡಿತ ತಪ್ಪಿ ಬರಿದೇ ಗಿರ್ರೆಂದು ತಿರುಗುತ್ತದೆ. ನಾಲ್ಕನೆಯ ರೆಕ್ಕೆ ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಅಲ್ಯೂಮಿನಿಯಂ ಅಗ್ಗ, ಕಲ್ಲಿಗೆ ತಾಗಿದರೆ ಬಾಗುತ್ತದೆ. ಸ್ಟೀಲ್ ದುಬಾರಿ, ಆದರೆ ತೆಳುವಾಗಿದ್ದೂ ಬಾಗದೆ ಎಳೆಯುತ್ತದೆ. ವರ್ಷಕ್ಕೆ ನಾಲ್ಕಾರು ದಿನ ಆಡುವ ಕುಟುಂಬಕ್ಕೆ ಕಡಿಮೆ ಪಿಚ್ಚಿನ ಒಂದು ಅಲ್ಯೂಮಿನಿಯಂ ಪ್ರೊಪೆಲ್ಲರ್ ಬೇರೆ ಇಟ್ಟುಕೊಂಡು, ಆಟದ ದಿನ ಬದಲಿಸುವುದೇ ಮಿತವ್ಯಯದ ದಾರಿ.

ಇದು ದೂರದೇಶದ ಶ್ರೀಮಂತರ ವಿನೋದವೆಂದು ಕಾಸರಗೋಡಿನ ಕರಾವಳಿಯವರು ತಳ್ಳಿಹಾಕಬೇಕಿಲ್ಲ. ಇಲ್ಲಿನ ಮೀನುಗಾರರ ದೋಣಿಗಳಲ್ಲಿ ಔಟ್‌ಬೋರ್ಡ್ ಯಂತ್ರ ದಿನನಿತ್ಯದ ದುಡಿಮೆಯ ಸಾಧನ. ಬಲೆ, ಆಳು, ಮೀನು ತುಂಬಿದ ದೋಣಿಯನ್ನು ಅಲೆಯ ಎದುರು ತಳ್ಳಬೇಕಾದ ಯಂತ್ರಕ್ಕೂ ಇದೇ ನ್ಯಾಯ: ಭಾರ ಹೆಚ್ಚಿದಷ್ಟೂ ಪಿಚ್ ಕಡಿಮೆಯಿರಬೇಕು. ಹೊಂದದ ಪ್ರೊಪೆಲ್ಲರ್ ಇಂಧನವನ್ನೂ ತಿನ್ನುತ್ತದೆ, ಯಂತ್ರದ ಆಯುಷ್ಯವನ್ನೂ ತಿನ್ನುತ್ತದೆ.

ಇನ್ನು ಉಳಿದುದು ಎಲ್ಲಕ್ಕಿಂತ ಮುಖ್ಯವಾದ ಮಾತು. ಅತ್ಯಂತ ಕಡಿಮೆ ವೇಗದಲ್ಲಿ, ಯಂತ್ರ ನಿಮಿಷಕ್ಕೆ 700 ಸುತ್ತು ತಿರುಗುವಾಗಲೂ, ಗೇರ್ ಬಿದ್ದಿದ್ದರೆ ಪ್ರೊಪೆಲ್ಲರ್ ಸೆಕೆಂಡಿಗೆ ಸುಮಾರು ಆರು ಬಾರಿ ಸುತ್ತುತ್ತದೆ. ಮೂರು ರೆಕ್ಕೆಗಳಿದ್ದರೆ ಒಂದೇ ಸೆಕೆಂಡಿನಲ್ಲಿ ಹದಿನೇಳು ಹೊಡೆತ. ನೀರಿನಲ್ಲಿರುವ ಮಗುವಿಗೆ ಅದು ಕಾಣುವುದಿಲ್ಲ. ಆದುದರಿಂದ ನೀರಿನಲ್ಲಿರುವವರು ಏಣಿಯ ಹತ್ತಿರ ಬರುವ ಮೊದಲೇ ಯಂತ್ರವನ್ನು ಆರಿಸಬೇಕು. ನ್ಯೂಟ್ರಲಿನಲ್ಲಿಟ್ಟರೆ ಸಾಲದು, ಒಂದು ಮೊಣಕೈ ತಾಗಿದರೂ ಗೇರ್ ಬೀಳಬಹುದು. ಬಿದ್ದವರನ್ನು ಕರೆತರಲು ದೋಣಿಯನ್ನು ಹಿಮ್ಮುಖವಾಗಿ ಎಂದೂ ಓಡಿಸಬಾರದು.

ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳ ಚಾಲಕರು, ತಾವು ಜಾಗ ತಪ್ಪಿದರೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡುವ ಹುರಿಯನ್ನು ಮೈಗೆ ಸಿಕ್ಕಿಸಿಕೊಳ್ಳಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಭಾರತದಲ್ಲಿಯೂ 1917ರ ಹಳೆಯ ಕಾಯಿದೆಯ ಸ್ಥಾನಕ್ಕೆ 2021ರ ಒಳನಾಡು ನೌಕಾ ಕಾಯಿದೆ ಬಂದಿದೆ. ಯಂತ್ರಚಾಲಿತ ನೌಕೆಗಳ ನೋಂದಣಿ ಮತ್ತು ತಪಾಸಣೆ ಅದರ ಬುನಾದಿ. ಅಪಘಾತವಾದ ಬಳಿಕ ನ್ಯಾಯಾಲಯ ಕೇಳುವ ಪ್ರಶ್ನೆಗಳು ಕಠಿಣವಾದವೇನಲ್ಲ. ಯಂತ್ರ ಆರಿತ್ತೇ? ಹಿಂದಿರುವವರನ್ನು ನೋಡಲೆಂದೇ ಒಬ್ಬರು ಕುಳಿತಿದ್ದರೇ? ಮಗು ಜೀವರಕ್ಷಕ ಕವಚ ತೊಟ್ಟಿತ್ತೇ? ಇವೇ ಪ್ರಶ್ನೆಗಳನ್ನು ದೋಣಿ ಹೊರಡುವ ಮೊದಲು ತಂದೆತಾಯಿಗಳು ಕೇಳಿದರೆ ನ್ಯಾಯಾಲಯಕ್ಕೆ ಕೆಲಸವೇ ಇರುವುದಿಲ್ಲ.

ಒಳ್ಳೆಯ ಪ್ರೊಪೆಲ್ಲರ್ ಯಾವುದೆಂದರೆ, ಹಗ್ಗ ಹಿಡಿದವನನ್ನು ಬೇಗನೆ ನೀರಿನಿಂದ ಎತ್ತುವಂಥದು. ಒಳ್ಳೆಯ ಚಾಲಕ ಯಾರೆಂದರೆ, ಅವನು ಮರಳಿ ದೋಣಿಯ ಬಳಿ ಬರುವ ಹೊತ್ತಿಗೆ ಅದನ್ನು ನಿಲ್ಲಿಸಿರುವವನು. ಮೊದಲನೆಯದನ್ನು ಹಣ ಕೊಟ್ಟು ತರಬಹುದು. ಎರಡನೆಯದನ್ನು ಮನೆಯಲ್ಲೇ ಕಲಿಸಬೇಕು.