ಗೆಸ್ ಮಾಡೋದೆಲ್ಲ ಒಂದೇ ಅಲ್ಲ ಗುರೂ

1/5
"ನಂಬರ್ ಗೆಸ್ ಮಾಡೋದು ತಾನೆ, ಅದೂ ಒಂದು ಗೇಮೇ" ಅಂತ ಕ್ಯಾಂಟೀನ್‌ನಲ್ಲಿ ಕಲರ್ ಪ್ರಿಡಿಕ್ಷನ್ ಆ್ಯಪ್ ತೋರಿಸ್ತೀರಲ್ಲ, ಈ ಪೋಸ್ಟ್ ನಿಮಗೇ. ಪೂರ್ತಿ ಓದಿ, ಆಮೇಲೆ ಕಾಮೆಂಟ್‌ನಲ್ಲಿ ಜಗಳ ಆಡೋಣ.

2/5
ನಿಜವಾದ ನಂಬರ್ ಗೇಮ್ ಹೇಗಿರುತ್ತೆ ಗೊತ್ತಾ? 1978ರಲ್ಲಿ ಅಮೆರಿಕದ ಆಟಾರಿ ಕಂಪನಿ 'ಕೋಡ್‌ಬ್ರೇಕರ್' ಅಂತ ಒಂದು ಆಟ ತಂತು. ಟಿವಿಗೆ ಜೋಡಿಸಿ ಆಡೋದು. ಆ ಆಟಾರಿ 2600 ಕನ್ಸೋಲ್‌ನ ರ್‍ಯಾಮ್ ಬರೀ 128 ಬೈಟ್. ಈ ಕ್ಯಾಪ್ಶನ್‌ನ ಎರಡು ಸಾಲೂ ಅದರಲ್ಲಿ ಹಿಡಿಯಲ್ಲ. ಹೀರೋ ಇಲ್ಲ, ಕಥೆ ಇಲ್ಲ, ಕೈಯಲ್ಲಿ 12 ಬಟನ್‌ನ ಕೀಪ್ಯಾಡ್. ಗುಟ್ಟಿನ ನಂಬರನ್ನು ನೀವು ಊಹಿಸಬೇಕು. ಎಷ್ಟು ಅಂಕಿ ಸರಿಯಾದ ಜಾಗದಲ್ಲಿವೆ, ಎಷ್ಟು ಅಂಕಿ ಸರಿ ಇದ್ದೂ ಜಾಗ ತಪ್ಪಿವೆ ಅಂತ ಅದು ಹೇಳುತ್ತೆ. ಅಷ್ಟೇ.

3/5
ಇದನ್ನೇ ಪೇಪರ್ ಮೇಲೆ ಆಡಿ. ಮೂರು ಬೇರೆ ಬೇರೆ ಅಂಕಿಯ ಕೋಡ್, ಸೊನ್ನೆಯಿಂದಲೂ ಶುರುವಾಗಬಹುದು. ಒಟ್ಟು 720 ಸಾಧ್ಯತೆ. ನೀವು 123 ಅಂತೀರಿ. ಉತ್ತರ: ಒಂದೂ ಇಲ್ಲ. ಸೋತ್ರಾ? ಇಲ್ಲ! ಉಳಿದಿದ್ದು ಏಳೇ ಅಂಕಿ, ಅಂದ್ರೆ 7×6×5 = 210. ಒಂದು "ತಪ್ಪು" ಉತ್ತರ 510 ಕೋಡ್‌ಗಳನ್ನು ಗುಡಿಸಿ ಹಾಕ್ತು. ಇಲ್ಲಿ ತಪ್ಪೂ ಸಂಪಾದನೆನೇ.

4/5
ಈಗ ನಿಮ್ಮ ಆ್ಯಪ್‌ಗೆ ಬನ್ನಿ. ಕೆಂಪಿಗೆ ಹಾಕಿದ್ರಿ, ಹಸಿರು ಬಂತು. ಏನು ಗೊತ್ತಾಯ್ತು? ಏನೂ ಇಲ್ಲ, ದುಡ್ಡು ಹೋಯ್ತು. "ಚಾರ್ಟ್ ಇದೆಯಲ್ಲ, ಪ್ಯಾಟರ್ನ್ ಹಿಡಿಬಹುದು" ಅಂತೀರಾ? ಓಸಿ ಬರೆಸೋರೂ ಅದನ್ನೇ ಹೇಳ್ತಿದ್ರು. ಕೋಡ್‌ಬ್ರೇಕರ್‌ನಲ್ಲಿ ಗುಟ್ಟು ಒಂದೇ ಕಡೆ ಕೂತಿರುತ್ತೆ, ನೀವು ಹತ್ತಿರ ಹೋಗ್ತೀರಿ. ಇಲ್ಲಿ ಪ್ರತಿ ಸುತ್ತಿಗೂ ಎಲ್ಲ ಹೊಸದು. ಅದೂ ಆ್ಯಪ್ ಪ್ರಾಮಾಣಿಕವಾಗಿದ್ರೆ! ಇಂಡಿಪೆಂಡೆಂಟ್ ಇವೆಂಟ್ಸ್ ಅಂತ ಸ್ಟ್ಯಾಟಿಸ್ಟಿಕ್ಸ್ ಪೇಪರ್‌ನಲ್ಲಿ ಬರೆದು ಮಾರ್ಕ್ಸ್ ತಗೊಂಡೋರು ನಾವೇ ಅಲ್ವಾ?

5/5
ನಾನೇನು ಸಾಚಾ ಅಲ್ಲ. ಹೋದ ಸೆಮಿಸ್ಟರ್ 1,800 ರೂಪಾಯಿ ಕಳ್ಕೊಂಡೆ, ಅಮ್ಮ ಎಕ್ಸಾಮ್ ಫೀಸಿಗೆ ಅಂತ ಕೊಟ್ಟಿದ್ದು. "ಇನ್ನೊಂದು ಸಲ" ಅನ್ನೋ ಆಸೆ ಎರಡೂ ಕಡೆ ಒಂದೇ ಥರ ಇರುತ್ತೆ, ಅದೇ ಮೋಸ. ಅದಕ್ಕೇ ಈ ಒಂದು ಪ್ರಶ್ನೆ ಕೇಳ್ಕೊಳ್ಳಿ: ಈ ತಪ್ಪು ನನಗೆ ಏನಾದ್ರೂ ಹೇಳಿಕೊಡ್ತಾ? ಇಲ್ಲ ಅಂದ್ರೆ ಅದು ಗೇಮ್ ಅಲ್ಲ, ವಸೂಲಿ.

ನಾಳೆ ಲಾಸ್ಟ್ ಬೆಂಚಲ್ಲಿ ಪೆನ್ನು, ಪೇಪರ್ ಇಟ್ಕೊಂಡು ಕೂತಿರ್ತೀನಿ. ಕೋಡ್ ನನ್ನದು, ಬನ್ನಿ ಒಡೀರಿ. ಸೋತ್ರೆ ಒಂದು ಟೀ, ಅಷ್ಟೇ ಖರ್ಚು.