ಗಡಿ ದಾಟಿದರೆ ಕಾಯಿದೆಯೂ ಬೇರೆ

ಸಿಂಗಪುರಕ್ಕೂ ಮಲೇಷ್ಯಾದ ಜೊಹೊರ್ ಬಾರು ಪಟ್ಟಣಕ್ಕೂ ನಡುವೆ ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ ರಸ್ತೆಯ ಉದ್ದ ಸುಮಾರು 1 ಕಿಲೋಮೀಟರ್. ಆದರೆ ಪ್ರವಾಸ ಬಂದ ಇಬ್ಬರು ಸಲಿಂಗಿ ಗೆಳೆಯರ ಪಾಲಿಗೆ ಅದು ಬಹು ದೂರದ ದಾರಿ. ಈಚೆ ದಡದಲ್ಲಿ ಅವರ ದೈಹಿಕ ಸಂಬಂಧ ಅಪರಾಧವಲ್ಲ. ಆಚೆ ದಡದಲ್ಲಿ ಅದಕ್ಕೆ 20 ವರ್ಷದವರೆಗೆ ಸೆರೆವಾಸ, ಜೊತೆಗೆ ಛಡಿ ಏಟನ್ನೂ ವಿಧಿಸಬಹುದು.

ಸಲಿಂಗಿ ಪ್ರವಾಸಿಗರಿಗೆಂದೇ ಸಿದ್ಧಪಡಿಸಿದ ಕೈಪಿಡಿಗಳು ಇಲ್ಲದಿಲ್ಲ. 1970ರಲ್ಲಿ ಆರಂಭವಾದ ‘ಸ್ಪಾರ್ಟಕಸ್’ ಅವುಗಳಲ್ಲಿ ಹೆಸರಾದದ್ದು. ಯಾವ ಊರಿನಲ್ಲಿ ಯಾವ ಹೋಟೆಲು, ಸ್ನೇಹಿತರು ಸೇರುವ ಜಾಗ ಯಾವುದು ಎಂಬ ವಿವರಗಳೇ ಇಂಥ ಪುಸ್ತಕಗಳ ಜೀವಾಳ. ಆದರೆ ವಿಳಾಸ ಗೊತ್ತಿದ್ದರೆ ಕೋಣೆ ಸಿಗುತ್ತದೆಯೇ ಹೊರತು ರಕ್ಷಣೆ ಸಿಗುತ್ತದೆ ಎನ್ನಲಾಗದು.

ಏಷ್ಯಾದ ಈ ಕಾಯಿದೆಗಳಿಗೆ ಸಮಾನ ಇತಿಹಾಸವೊಂದಿದೆ. ಬ್ರಿಟಿಷರು 1860ರಲ್ಲಿ ರೂಪಿಸಿದ ಭಾರತೀಯ ದಂಡ ಸಂಹಿತೆಯ 377ನೇ ಕಲಂ, ಅವರ ಆಡಳಿತದ ಹಿಂದೆಯೇ ಊರೂರು ಸುತ್ತಿತು. ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್‌ಗಳ ಕಾನೂನು ಪುಸ್ತಕದಲ್ಲಿ ಅದು ಅದೇ ಸಂಖ್ಯೆಯಲ್ಲಿ ಉಳಿದುಕೊಂಡಿದೆ. ಭಾರತದ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. ಸಿಂಗಪುರದ 377ಎ ಕಲಂ ರದ್ದಾದದ್ದು 2023ರ ಜನವರಿಯಲ್ಲಿ. ತೈವಾನ್ 2019ರಲ್ಲಿ ಏಷ್ಯಾದಲ್ಲೇ ಮೊದಲಿಗೆ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟಿತು; ಥಾಯ್ಲೆಂಡಿನ ಕಾಯಿದೆ 2025ರ ಜನವರಿಯಲ್ಲಿ ಜಾರಿಗೆ ಬಂತು. ಎಲ್ಲ ಬದಲಾವಣೆಯೂ ಒಂದೇ ದಿಕ್ಕಿನದಲ್ಲ. ಬ್ರೂನೈ 2019ರಲ್ಲಿ ಕಾಯಿದೆಯನ್ನು ಇನ್ನಷ್ಟು ಕಠಿಣಗೊಳಿಸಿತು. ಇಂಡೊನೇಷ್ಯಾದ ಆಚೆ ಪ್ರಾಂತದಲ್ಲಿ ಸಾರ್ವಜನಿಕವಾಗಿ ಛಡಿ ಏಟು ಕೊಟ್ಟದ್ದುಂಟು. ಹತ್ತು ವರ್ಷ ಹಳೆಯ ಕೈಪಿಡಿಯನ್ನು ನಂಬಿ ಹೊರಟವರು ಎರಡು ಬಗೆಯಲ್ಲೂ ಮೋಸ ಹೋದಾರು.

ಕಾಯಿದೆ ಸಡಿಲವಾದ ಕಡೆಯಲ್ಲೂ ತಿಳಿಯಬೇಕಾದ್ದು ಉಳಿಯುತ್ತದೆ. ಸಿಂಗಪುರದ ಹಾಂಗ್ ಲಿಮ್ ಉದ್ಯಾನದಲ್ಲಿ 2009ರಿಂದ ನಡೆದುಬಂದ ‘ಪಿಂಕ್ ಡಾಟ್’ ಸಭೆ ಲೋಕಪ್ರಸಿದ್ಧ. ಆದರೆ 2017ರಲ್ಲಿ ಉದ್ಯಾನದ ಸುತ್ತ ತಡೆಬೇಲಿ ಹಾಕಿ, ಅಲ್ಲಿನ ಪ್ರಜೆಗಳು ಮತ್ತು ಕಾಯಂ ನಿವಾಸಿಗಳನ್ನಷ್ಟೇ ಗುರುತಿನ ಚೀಟಿ ನೋಡಿ ಒಳಗೆ ಬಿಡಲಾಯಿತು. ನೆದರ್ಲೆಂಡ್ಸಿನಲ್ಲಿ ಮದುವೆಯಾದ ಜೋಡಿ ಭಾರತಕ್ಕೆ ಬಂದರೆ, ಇಲ್ಲಿ ಅವರು ಅಪರಾಧಿಗಳಲ್ಲ, ದಂಪತಿಯೂ ಅಲ್ಲ. ಅಂಥ ಮದುವೆಗೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ನಿರಾಕರಿಸಿತು. ಒಬ್ಬರು ಆಸ್ಪತ್ರೆ ಸೇರಿದರೆ ಇನ್ನೊಬ್ಬರು ಯಾರೆಂಬ ಪ್ರಶ್ನೆ ಆಗ ಏಳುತ್ತದೆ. ತುರ್ತು ಸಂದರ್ಭದಲ್ಲಿ ಯಾರನ್ನು ಕೇಳಬೇಕೆಂದು ಬರೆದ ಪತ್ರವೊಂದು ಪಾಸ್‌ಪೋರ್ಟಿನ ಜೊತೆಗಿರುವುದು ಒಳಿತು.

ಹಾಗಾದರೆ ನೆಚ್ಚಬಹುದಾದದ್ದು ಯಾವುದು? ಬ್ರಿಟನ್ ತನ್ನ ಪ್ರಜೆಗಳಿಗೆಂದು ದೇಶವಾರು ಪ್ರವಾಸ ಸಲಹೆ ಪ್ರಕಟಿಸುತ್ತದೆ. ಅದರಲ್ಲಿ ಸಲಿಂಗಿಗಳಿಗೆ ಪ್ರತ್ಯೇಕ ಸೂಚನೆಗಳಿರುತ್ತವೆ. 1978ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಂಘಟನೆ ‘ಇಲ್ಗಾ’ ದೇಶದೇಶಗಳ ಕಾಯಿದೆಗಳ ಭೂಪಟ ತಯಾರಿಸುತ್ತದೆ. ಊರಿನ ಮನಸ್ಸನ್ನು ಬಲ್ಲವರು ಮಾತ್ರ ಸ್ಥಳೀಯ ಸಂಘಗಳವರು. ಕಠ್ಮಂಡುವಿನ ‘ಬ್ಲೂ ಡೈಮಂಡ್ ಸೊಸೈಟಿ’ 2001ರಲ್ಲಿ, ಬೆಂಗಳೂರಿನ ‘ಸಂಗಮ’ 1999ರಲ್ಲಿ ಹುಟ್ಟಿದವು.

ಇವೆಲ್ಲದರ ಜೊತೆಗೆ ಇನ್ನೊಂದು ಆಸರೆ ಬೇಕು. ಅದು ಯಾವ ಕೈಪಿಡಿಯಲ್ಲೂ ಸಿಗದು. ರಜೆಯಲ್ಲಿ ಪ್ರವಾಸ ಹೊರಟ ವಿದ್ಯಾರ್ಥಿಯ ಊರು, ಉಳಿಯುವ ಕೋಣೆ, ಜೊತೆಗಿರುವವರ ಹೆಸರು, ಈ ಮೂರೂ ಮನೆಯವರಿಗೆ ಗೊತ್ತಿರಬೇಕು. ಬೈಗುಳಕ್ಕೆ ಹೆದರಿ ಸುಳ್ಳು ಹೇಳಿ ಹೋದ ಮಗನೋ ಮಗಳೋ ಪರದೇಶದಲ್ಲಿ ತೊಂದರೆಗೆ ಸಿಕ್ಕರೆ, ಮನೆಗೆ ಫೋನು ಮಾಡಲೂ ಹಿಂಜರಿಯುತ್ತಾರೆ. ನಡುರಾತ್ರಿಯಲ್ಲಿ ಆ ಫೋನು ಬರುವಂತಿರಬೇಕಾದರೆ, ಹೊರಡುವ ಮುಂಚೆಯೇ ಮನೆಯ ಬಾಗಿಲು ತೆರೆದಿರಬೇಕು.